ಭಾನುವಾರ ಮಕ್ಕಳ ಜೊತೆ ಬಸವನಗುಡಿ ಸುತ್ತಾಟ: ಲೆಕ್ಕ, ವಿಜ್ಞಾನ ಕಾಣೋ ಜಾಗ ಹೇಳ್ತೀರಾ?

ಹನುಮಂತನಗರ_ಹುಡುಗಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಓದಿ.

ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳನ್ನು ತಿಂಗಳಿಗೊಂದು ಭಾನುವಾರ ಬೆಳಗ್ಗೆ ಎಲ್ಲಾದರೂ ನಡೆಸಿಕೊಂಡು ಹೋಗುತ್ತೇನೆ. ಒಟ್ಟು ಹನ್ನೊಂದು ಮಕ್ಕಳು, ಎಂಟರಿಂದ ಹದಿಮೂರು ವರ್ಷದವರು. ನಾನು ಟೀಚರ್ ಅಲ್ಲ. ಆಫೀಸಿನಲ್ಲಿ ಎಕ್ಸೆಲ್ ಶೀಟ್ ನೋಡಿ ನೋಡಿ ಕಣ್ಣು ಹಾಳು ಮಾಡಿಕೊಂಡವಳು. ಮೊಬೈಲ್ ಬಿಟ್ಟು ಮಕ್ಕಳು ಎರಡು ಗಂಟೆ ಹೊರಗಿರಲಿ ಅಂತ ಸುಮ್ನೆ ಶುರು ಮಾಡಿದ್ದು.

ಹೋದ ತಿಂಗಳು ಒಂದು ಫ್ಲೈಓವರ್ ಕೆಳಗಿನ ಗೋಡೆ ತೋರಿಸೋಕೆ ಹೋಗಿದ್ದೆವು. ಅಲ್ಲಿ ‘ವಿಜ್ಞಾನ’ ಅಂತ ದೊಡ್ಡದಾಗಿ ಬರೆದು ಬಣ್ಣ ಬಣ್ಣದ ಚಿತ್ರ ಹಾಕಿದ್ದಾರೆ. ರಾಕೆಟ್ಟು, ಗ್ರಹ, ಬಲ್ಬು, ಕೆದರಿದ ತಲೆಯ ಒಬ್ಬ ತಾತ, ಎಲ್ಲಾ ಇದೆ. ರಾತ್ರಿ ಹನ್ನೆರಡರವರೆಗೆ ಕೂತು ತಯಾರಿ ಮಾಡಿಕೊಂಡಿದ್ದ ಭಾಷಣವನ್ನು ನಾನು ಶುರು ಮಾಡಿದೆ. ಐದೇ ನಿಮಿಷಕ್ಕೆ ಮಕ್ಕಳು ಆಕಳಿಸೋಕೆ ಶುರು ಮಾಡಿದರು. ಇಬ್ಬರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಒಬ್ಬ ನಾಯಿಮರಿ ಹಿಂದೆ ಹೋಗಿಯಾಗಿತ್ತು.

ಅಷ್ಟರಲ್ಲಿ ಒಂಬತ್ತು ವರ್ಷದ ಒಂದು ಹುಡುಗಿ ಗೋಡೆಗೆ ಮೂಗು ತಾಗಿಸಿ ನಿಂತವಳು, "ಆಂಟೀ, ಈ ಜೇನುಗೂಡಿಗೆ ಐದೇ ಮೂಲೆ ಇದೆ" ಅಂದಳು. ಹೋಗಿ ನೋಡಿದರೆ ನಿಜ! ಚಿತ್ರ ಬರೆದವರು ಗೂಡಿನ ಒಂದೊಂದು ಕೋಣೆಗೂ ಐದು ಮೂಲೆ ಹಾಕಿದ್ದಾರೆ. ಕೋಣೆಗಳು ಒಂದಕ್ಕೊಂದು ಸರಿಯಾಗಿ ಕೂತಿಲ್ಲ. ನಡುವೆ ಉಳಿದ ಸಂದಿಗೆಲ್ಲಾ ಹಳದಿ ಬಣ್ಣ ಮೆತ್ತಿ ಮುಚ್ಚಿಬಿಟ್ಟಿದ್ದಾರೆ. ಅಲ್ಲಿಂದ ಮುಂದೆ ಅರ್ಧ ಗಂಟೆ ಮಕ್ಕಳು ಆ ಗೋಡೆ ಬಿಟ್ಟು ಕದಲಲಿಲ್ಲ. ಎಲ್ಲೆಲ್ಲಿ ಬಣ್ಣ ಮೆತ್ತಿದ್ದಾರೆ ಅಂತ ಹುಡುಕಿ ಹುಡುಕಿ ಎಣಿಸಿದರು. ಮನೆಗೆ ಬಂದು ರಟ್ಟು ಕತ್ತರಿಸಿ ಜೋಡಿಸಿದೆವು. ಐದು ಮೂಲೆಯದಕ್ಕೆ ಒಂದು ಮೂಲೆ 108 ಡಿಗ್ರಿ. ಮೂರು ಜೋಡಿಸಿದರೆ 324. ಉಳಿಯೋ 36 ಡಿಗ್ರಿ ಸಂದಿಗೆ ನಾಲ್ಕನೆಯದು ತೂರಲ್ಲ. ಆರು ಮೂಲೆಯದಾದರೆ ಒಂದು ಮೂಲೆ 120, ಮೂರು ಸೇರಿದರೆ ಪೂರ್ತಿ 360, ಸಂದಿಯೇ ಇಲ್ಲ. ನನ್ನ ಭಾಷಣದಲ್ಲಿ ಇದು ಇರಲೇ ಇಲ್ಲ!

ಈ ಸಲ ಬಸವನಗುಡಿ, ಗವಿಪುರ, ಗಾಂಧಿ ಬಜಾರ್ ಕಡೆ ಹೋಗೋಣ ಅಂತಿದ್ದೇನೆ. ಇಂಥದ್ದೇ ಏನಾದರೂ ಬೇಕು. ಮಕ್ಕಳು ಕೈಯಿಂದ ಮುಟ್ಟಿ, ಎಣಿಸಿ, ಅಳೆದು, "ಅಯ್ಯೋ ಹೌದಲ್ಲ" ಅನ್ನಬೇಕು. ಬೋರ್ಡ್ ಓದಿಸೋ ಜಾಗ ಬೇಡ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಈಗಾಗಲೇ ಮೂರು ಸಲ ಹೋಗಿದ್ದೇವೆ, ಚೆನ್ನಾಗಿದೆ, ಸಾಕು. ನಮ್ಮ ಹತ್ತಿರ ಇರೋದು ಒಂದು ಟೇಪು, ಸೀಮೆಸುಣ್ಣ, ಒಂದು ಉಂಡೆ ಹುರಿದಾರ. ಆಮೇಲೆ ದೋಸೆಗೆ ದುಡ್ಡು.

ಚುಕ್ಕಿ_ಇಡೋಳು

ಎಲ್ಲಿಗೂ ಹೋಗಬೇಡಮ್ಮ, ಬಾಗಿಲು ತೆಗೆದು ಹೊಸಿಲ ಆಚೆ ನೋಡು.

ತಮಾಷೆಗೆ ಹೇಳುತ್ತಿಲ್ಲ. ನಲವತ್ತು ವರ್ಷದಿಂದ ದಿನಾ ಬೆಳಗ್ಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೇನೆ. ನೀವು ಹೋಗೋ ಬೀದಿಗಳಲ್ಲಿ ಆರೂವರೆಗೆ ಹೋದರೆ ಇನ್ನೂ ತುಳಿಯದ ರಂಗೋಲಿ ಸಿಗುತ್ತದೆ. ಅಂಟಿಸೋ ಪ್ಲಾಸ್ಟಿಕ್ ಸ್ಟಿಕ್ಕರ್ ಇರೋ ಮನೆ ಬಿಟ್ಟು ಮುಂದೆ ಹೋಗಿ.

ಹದಿನೈದರಿಂದ ಎಂಟು ಚುಕ್ಕಿ ಅಂತ ಕೇಳಿದ್ದೀಯಾ? ನಡುವಿನ ಸಾಲಿಗೆ 15 ಚುಕ್ಕಿ. ಅದರ ಮೇಲೊಂದು, ಕೆಳಗೊಂದು ಸಾಲು, ಎರಡಕ್ಕೂ 14, ನಡು ಸಾಲಿನ ಎರಡು ಚುಕ್ಕಿಯ ಸಂದಿಗೆ ಸರಿಯಾಗಿ ಬರೋ ಹಾಗೆ. ಹೀಗೇ ಒಂದೊಂದೇ ಕಡಿಮೆ ಮಾಡುತ್ತಾ 8ಕ್ಕೆ ನಿಲ್ಲಿಸೋದು. ರಂಗೋಲಿ ಪುಸ್ತಕದಲ್ಲೆಲ್ಲಾ ಇದೇ ಥರ: 5ರಿಂದ 3, 7ರಿಂದ 4, 9ರಿಂದ 5. ಯಾಕೆ ಅಲ್ಲಿಗೇ ನಿಲ್ಲಿಸಬೇಕು? ನನ್ನ ಮೊಮ್ಮಗ ಕೇಳೋವರೆಗೂ ನಾನೂ ಯೋಚನೆ ಮಾಡಿರಲಿಲ್ಲ, ಕೈ ತಾನಾಗೇ ನಿಲ್ಲುತ್ತಿತ್ತು. ಅಲ್ಲಿ ನಿಲ್ಲಿಸಿದರೆ ಮಾತ್ರ ಆರೂ ಕಡೆ ಒಂದೇ ಅಳತೆ. ಹದಿನೈದರಿಂದ ಎಂಟಾದರೆ ಆರೂ ಅಂಚಿಗೆ ಎಂಟೆಂಟು ಚುಕ್ಕಿ. ಏಳಕ್ಕೆ ಇಳಿಸಿದರೆ ತಲೆ ಚೂಪಾಗುತ್ತದೆ, ಒಂಬತ್ತಕ್ಕೇ ಬಿಟ್ಟರೆ ಹೊಟ್ಟೆ ಅಗಲವಾಗುತ್ತದೆ. ನಡು ಸಾಲಿಗೆ ಒಂದು ಸೇರಿಸಿ ಅರ್ಧ ಮಾಡು, ಎಲ್ಲಿ ನಿಲ್ಲಿಸಬೇಕು ಅನ್ನೋದು ಬರುತ್ತದೆ. ನಿನ್ನ ಜೇನುಗೂಡಿನ ಆಕಾರವೇ ಅದು, ಆದರೆ ಸರಿಯಾದದ್ದು.

ಇನ್ನೂ ಇದೆ. ಒಟ್ಟು ಚುಕ್ಕಿ ಎಣಿಸಿ. 3ರಿಂದ 2ಕ್ಕೆ 7 ಚುಕ್ಕಿ. 5ರಿಂದ 3ಕ್ಕೆ 19. 7ರಿಂದ 4ಕ್ಕೆ 37. ಹದಿನೈದರಿಂದ ಎಂಟಕ್ಕೆ 169. ಈಗ ಒಂಟಿ ಚುಕ್ಕಿಯಿಂದ ಶುರು ಮಾಡಿ ಕೂಡುತ್ತಾ ಹೋಗಿ. 1ಕ್ಕೆ 7 ಸೇರಿಸಿದರೆ 8. ಅದಕ್ಕೆ 19 ಸೇರಿಸಿದರೆ 27. ಅದಕ್ಕೆ 37 ಸೇರಿಸಿದರೆ 64. ಎರಡರ ಘನ, ಮೂರರ ಘನ, ನಾಲ್ಕರ ಘನ! ಮೊಮ್ಮಗ ಇದನ್ನು ಹೇಳಿದಾಗ ನಾನು ನಂಬಲಿಲ್ಲ. ಅವನು ರೂಬಿಕ್ಸ್ ಕ್ಯೂಬ್ ತಂದು ಒಂದು ಮೂಲೆಯನ್ನು ನನ್ನ ಮೂಗಿನ ನೇರಕ್ಕೆ ಹಿಡಿದ. "ಅಜ್ಜಿ, ಎಷ್ಟು ತುಂಡು ಕಾಣುತ್ತೆ ಎಣಿಸು." ಹತ್ತೊಂಬತ್ತು. ಸುತ್ತಲ ಅಂಚು ನೋಡಿದರೆ ನನ್ನ ಐದರಿಂದ ಮೂರು ಚುಕ್ಕಿಯ ಆರು ಮೂಲೆ. ಒಟ್ಟು 27ರಲ್ಲಿ 19 ಕಂಡರೆ ಹಿಂದೆ ಅಡಗಿರೋದು 8, ಅದೂ ಒಂದು ಪುಟ್ಟ ಘನವೇ. ಆವತ್ತು ಅನ್ನ ಸೀದು ಹೋಯಿತು.

ಕೊನೆಗೊಂದು ವಿಷಯ. ಚುಕ್ಕಿಗೆ ತಾಗದ ಹಾಗೆ ಸುತ್ತಿಕೊಂಡು ಹೋಗೋ ಎಳೆ ರಂಗೋಲಿ ಇದೆಯಲ್ಲ, ನೇರ ಚುಕ್ಕಿಯದು. ಎಳೆ ಸಂದಿಯಲ್ಲಿ ಓರೆಯಾಗಿ ಹೋಗಿ, ಅಂಚಿಗೆ ಬಂದಾಗ ದುಂಡಗೆ ತಿರುಗಿ, ಮತ್ತೆ ಓರೆಯಾಗಿ ಬರುತ್ತದೆ. ಕೈ ಎತ್ತದೆ ಒಂದೇ ಎಳೆಯಲ್ಲಿ ಮುಗಿಯಬೇಕು ಅಂದರೆ ಉದ್ದಕ್ಕೂ ಅಗಲಕ್ಕೂ ಒಂದು ಚುಕ್ಕಿ ವ್ಯತ್ಯಾಸ ಇಡು ಅಂತ ನಮ್ಮತ್ತೆ ಹೇಳುತ್ತಿದ್ದರು. 3ಕ್ಕೆ 4, 4ಕ್ಕೆ 5, ಹೀಗೆ. 4ಕ್ಕೆ 4 ಇಟ್ಟರೆ ನಾಲ್ಕು ಬೇರೆ ಬೇರೆ ಎಳೆ ಆಗುತ್ತದೆ. 4ಕ್ಕೆ 6 ಇಟ್ಟರೆ ಎರಡು. ನಮ್ಮ ಮಗ ಇದು ಮ.ಸಾ.ಅ. (ಎರಡು ಸಂಖ್ಯೆಗೂ ಸಮನಾಗಿ ಹೋಗೋ ಅತಿ ದೊಡ್ಡ ಸಂಖ್ಯೆ) ಅಂದ. ಅತ್ತೆ ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವರು.

ಹನುಮಂತನಗರ_ಹುಡುಗಿ

ಅಮ್ಮಾ, ಸೀದ ಅನ್ನಕ್ಕೆ ಸಾರಿ! ಈಗಷ್ಟೇ ಅಡುಗೆಮನೆ ಕಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿ ನೋಡಿದೆ. 4ಕ್ಕೆ 6 ನಿಜವಾಗಲೂ ಎರಡೇ ಎಳೆ, ಬೇರೆ ಬೇರೆ ಬಣ್ಣದಲ್ಲಿ ತಿದ್ದಿದಾಗ ಎಷ್ಟು ಚಂದ ಕಾಣುತ್ತೆ ಗೊತ್ತಾ. ಆದರೆ 3ಕ್ಕೆ 5 ಇಟ್ಟರೂ ಒಂದೇ ಎಳೆ ಬಂತು. ಎರಡು ವ್ಯತ್ಯಾಸ ಇತ್ತಲ್ಲ?

ಚುಕ್ಕಿ_ಇಡೋಳು

ಎರಡಕ್ಕೂ ಸಮನಾಗಿ ಹೋಗೋ ಸಂಖ್ಯೆ ಒಂದು ಬಿಟ್ಟು ಬೇರೆ ಇರಬಾರದು, ಅಷ್ಟೇ. 3, 5ಕ್ಕೆ ಇಲ್ಲ. 4, 6ಕ್ಕೆ 2 ಇದೆ. ಎರಡರ ವ್ಯತ್ಯಾಸ ಇಟ್ಟರೆ ಕೆಲವು ಸಲ ಕೈ ಕೊಡುತ್ತದೆ, ಒಂದರ ವ್ಯತ್ಯಾಸ ಯಾವತ್ತೂ ಕೆಡಲ್ಲ. ಬೆಳಗ್ಗೆ ಆರು ಗಂಟೆಗೆ ನಿದ್ದೆಗಣ್ಣಲ್ಲಿ ಲೆಕ್ಕ ಹಾಕೋರು ಯಾರು, ಅದಕ್ಕೇ ಅತ್ತೆ ಹಾಗೆ ಹೇಳಿದ್ದು.

ನೆರಳು_ಹಿಡಿಯೋನು

ಗವಿಪುರ ಅಂದಿರಲ್ಲ, ಅದಕ್ಕೆ ಬಂದೆ. ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ತೂರಿ ಒಳಗಿನ ಲಿಂಗದ ಮೇಲೆ ಬೀಳುತ್ತದೆ. ಇದು ಬೆಂಗಳೂರಿನವರಿಗೆಲ್ಲಾ ಗೊತ್ತು, ಟಿವಿಯವರು ಲೈವ್ ತೋರಿಸುತ್ತಾರೆ. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಏನು ಅಂದರೆ ನವೆಂಬರ್ ಕೊನೆಯಲ್ಲೂ ಸಂಜೆ ಬಿಸಿಲು ಹಾಗೇ ಒಳಗೆ ಬರುತ್ತದೆ. ಆಗ ಟಿವಿಯೂ ಇಲ್ಲ, ಕ್ಯೂವೂ ಇಲ್ಲ.

ಇದರಲ್ಲಿ ಪವಾಡ ಹುಡುಕಬೇಡಿ, ಪವಾಡಕ್ಕಿಂತ ಚೆನ್ನಾಗಿರೋ ಲೆಕ್ಕ ಇದೆ. ಮಕ್ಕಳಿಗೆ ಉಯ್ಯಾಲೆ ನೆನಪಿಸಿ. ಉಯ್ಯಾಲೆ ಒಂದು ತುದಿಗೆ ಹೋಗಿ ವಾಪಸ್ ಬರುವಾಗ ದಾರಿಯ ಪ್ರತಿ ಜಾಗವನ್ನೂ ಎರಡು ಸಲ ದಾಟುತ್ತದೆ ಅಲ್ವಾ? ಸೂರ್ಯ ಮುಳುಗೋ ಜಾಗವೂ ಹಾಗೇ. ದಿನಾ ಸ್ವಲ್ಪ ಸ್ವಲ್ಪ ದಕ್ಷಿಣಕ್ಕೆ ಸರಿಯುತ್ತಾ ಡಿಸೆಂಬರ್ 21ರ ಹೊತ್ತಿಗೆ ತುದಿ ಮುಟ್ಟಿ ವಾಪಸ್ ತಿರುಗುತ್ತದೆ. ಡಿಸೆಂಬರ್ 21ರಿಂದ ಜನವರಿ 14ಕ್ಕೆ 24 ದಿನ. ಅಷ್ಟೇ ದಿನ ಹಿಂದಕ್ಕೆ ಎಣಿಸಿ: ನವೆಂಬರ್ 27. ಕ್ಯಾಲೆಂಡರ್ ಕೈಗೆ ಕೊಟ್ಟು ಮಕ್ಕಳಿಂದಲೇ ಎಣಿಸಿ, ನೀವು ಹೇಳಬೇಡಿ. ನೆಹರು ತಾರಾಲಯದ ಬಿ. ಎಸ್. ಶೈಲಜಾ ಮತ್ತು ಜೊತೆಯವರು ಇದನ್ನು ಅಳೆದು ನೋಡಿ 2008ರಲ್ಲಿ ಲೇಖನ ಬರೆದರು. 1792ರಲ್ಲಿ ಬೆಂಗಳೂರಿಗೆ ಬಂದಿದ್ದ ಡೇನಿಯಲ್ ಚಿತ್ರಕಾರರು ಈ ಗುಡಿಯ ಚಿತ್ರವನ್ನೂ ಬರೆದಿದ್ದರು. ಅದನ್ನು ಈಗಿನ ಕಟ್ಟಡದ ಜೊತೆ ಇಟ್ಟು ನೋಡಿದರೆ ಆಮೇಲೆ ಯಾವ ಗೋಡೆ ಸೇರಿತು ಅನ್ನೋದು ಗೊತ್ತಾಗುತ್ತದೆ. ಬಿಸಿಲು ಯಾವತ್ತು ಒಳಗೆ ಬರುತ್ತೆ ಅನ್ನೋದನ್ನು ಗೋಡೆಗಳೇ ತಾನೇ ತೀರ್ಮಾನ ಮಾಡೋದು.

(ಸಂಕ್ರಾಂತಿಗೆ ಉತ್ತರಾಯಣ ಶುರು ಅಂತೀವಿ, ಆದರೆ ಸೂರ್ಯ ತಿರುಗೋದು ಡಿಸೆಂಬರ್‌ನಲ್ಲಿ. ಸುಮಾರು 1,700 ವರ್ಷದ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿ ಥರ ನಿಧಾನಕ್ಕೆ ವಾಲಾಡೋದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ದೂರ ಆಗುತ್ತಾ ಬಂದಿದೆ. ಪಂಚಾಂಗದ ಜಗಳ ಇಲ್ಲಿ ಬೇಡ, ದಯವಿಟ್ಟು.)

ಅಂಗಳದ ಎತ್ತರದ ಕಲ್ಲಿನ ಕಂಬಗಳನ್ನು ಬಿಡಬೇಡಿ. ತ್ರಿಶೂಲ, ಡಮರು, ಎರಡು ದೊಡ್ಡ ತಟ್ಟೆ. ಒಂದೊಂದೂ ಒಂದೇ ಕಲ್ಲು. ತಟ್ಟೆಗಳಿಗೆ ಸೂರ್ಯಪಾನ, ಚಂದ್ರಪಾನ ಅಂತ ಹೆಸರು. ಸೀಮೆಸುಣ್ಣ ಇದೆ ಅಂದಿರಲ್ಲ, ತಟ್ಟೆಯ ನೆರಳನ್ನು ನೆಲದ ಮೇಲೆ ಗುರುತು ಮಾಡಿ, ಹತ್ತು ನಿಮಿಷ ಬಿಟ್ಟು ಬಂದು ನೋಡಿ. ಎಂಟು ವರ್ಷದವರಿಗೆ ಇಷ್ಟೇ ಸಾಕು. ಅರ್ಚಕರನ್ನು ಮೊದಲೇ ಒಂದು ಮಾತು ಕೇಳಿ.

ದೊಡ್ಡ ಮಕ್ಕಳಿಗೆ ಟೆರೇಸ್ ಕೆಲಸ. ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ ಮಧ್ಯಾಹ್ನದ ಅತಿ ಗಿಡ್ಡ ನೆರಳು ಅಳೆಯಿರಿ. ಬೆಂಗಳೂರಲ್ಲಿ ಡಿಸೆಂಬರ್ 21ಕ್ಕೆ ಸುಮಾರು 74 ಸೆಂಟಿಮೀಟರ್. ಮಾರ್ಚ್ 21ರ ಸುಮಾರಿಗೆ 23. ಏಪ್ರಿಲ್ 24ಕ್ಕೆ ಸೊನ್ನೆ, ಕೋಲಿಗೆ ನೆರಳೇ ಇಲ್ಲ! ಆಮೇಲೆ ನೆರಳು ದಕ್ಷಿಣಕ್ಕೆ ತಿರುಗಿ ಜೂನ್ 21ಕ್ಕೆ 18 ಆಗುತ್ತದೆ, ಮತ್ತೆ ಆಗಸ್ಟ್ 18ಕ್ಕೆ ಸೊನ್ನೆ. ಏಪ್ರಿಲ್ 24ರಿಂದ ಜೂನ್ 21ಕ್ಕೆ 58 ದಿನ, ಅಲ್ಲಿಂದ ಆಗಸ್ಟ್ 18ಕ್ಕೂ 58 ದಿನ. ಅದೇ ಉಯ್ಯಾಲೆ, ಇನ್ನೊಂದು ತುದಿ. ಒಂದು ಎಚ್ಚರ: ನಮ್ಮ ಗಡಿಯಾರದ 12 ಗಂಟೆ ನಮ್ಮ ಮಧ್ಯಾಹ್ನ ಅಲ್ಲ. ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಇರೋದು 77.6ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಸುಮಾರು 20 ನಿಮಿಷ ತಡ. ಅದರ ಮೇಲೆ ವರ್ಷದಲ್ಲಿ ಹಿಂದೆ ಮುಂದೆ ಬೇರೆ ಆಗುತ್ತದೆ. ಏಪ್ರಿಲ್ 24ಕ್ಕೆ 12:18ರ ಸುಮಾರಿಗೆ ನೋಡಬೇಕು. ನಾನು ಮೊದಲ ವರ್ಷ ಸರಿಯಾಗಿ 12ಕ್ಕೆ ನೋಡಿ, ನೆರಳು ಇದೆ, ಎಲ್ಲಾ ಸುಳ್ಳು ಅಂತ ಹೆಂಡತಿ ಮುಂದೆ ಕೂಗಾಡಿದ್ದೆ.

ಒನ್_ಅಂಡ್_ಹಾಫ್

ಯಾರಾದರೂ ಬಂದು ‘ಸುವರ್ಣ ಅನುಪಾತ’ (ಚೆಂದದ ವಸ್ತುಗಳಲ್ಲೆಲ್ಲಾ ಇದೆ ಅಂತಾರಲ್ಲ, ಆ ಗೋಲ್ಡನ್ ರೇಶಿಯೋ, ಅದರ ಸುರುಳಿ) ಅನ್ನೋ ಮೊದಲು ನಾನು ಬಾಯಿ ಹಾಕುತ್ತೇನೆ. ಆ ಸುರುಳಿಯನ್ನು ಯಾವ ಕಟ್ಟಡದ ಫೋಟೋ ಮೇಲೆ ಬೇಕಾದರೂ ಎಳೆಯಬಹುದು, ನಮ್ಮ ಮನೆ ಕುಕ್ಕರ್ ಮೇಲೂ ಎಳೆಯಬಹುದು. ಅಳೆದರೆ ತಪ್ಪು ಅಂತ ಗೊತ್ತಾಗೋ ಸಾಧ್ಯತೆ ಇರೋದನ್ನು ಮಾತ್ರ ತೋರಿಸಿ. ಆ ಜೇನುಗೂಡಿನ ಗೋಡೆ ಥರ.

ನನ್ನ ಕಡೆಯಿಂದ ಒಂದು: ಆಟೋ ಮೀಟರ್. ನಗಬೇಡಿ. 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿಸಿ. ಮೊದಲು ಚಪ್ಪಟೆ ಗೆರೆ, ಆಮೇಲೆ ಏರು. ಈಗ ಆ ಏರು ಗೆರೆಯನ್ನು ಸ್ಕೇಲಿಟ್ಟು ಹಿಂದಕ್ಕೆ ಎಳೆಯಿರಿ. ಸರಿಯಾಗಿ ಸೊನ್ನೆಗೆ ಬಂದು ಕೂರುತ್ತದೆ! ಅಂದರೆ 2 ಕಿಲೋಮೀಟರ್ ದಾಟಿದ ಮೇಲೆ ಒಟ್ಟು ದೂರ ಗುಣಿಸು 18, ಮುಗೀತು. 7 ಕಿಲೋಮೀಟರಿಗೆ 126. ಹಳೇ ದರ 30 ಮತ್ತು 15 ಇತ್ತಲ್ಲ, ಅದಕ್ಕೂ ಹಾಗೇ. ಮಿನಿಮಮ್ ಚಾರ್ಜ್ ಅಂತ ನಾವು ಬೈಕೊಳ್ಳೋದು ಹತ್ತಿರ ಹೋಗೋರಿಗೆ ಮಾತ್ರ ತಗಲುತ್ತದೆ.

ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆ ಪಟ್ಟು, ಆಗ ಚಪ್ಪಟೆ ಗೆರೆಯೂ ಮೇಲೇರುತ್ತದೆ, ಏರು ಗೆರೆ ಇನ್ನೂ ಕಡಿದಾಗುತ್ತದೆ. ಹಗಲಲ್ಲೂ ‘ಒನ್ ಅಂಡ್ ಹಾಫ್ ಕೊಡಿ ಸಾರ್’ ಅನ್ನೋದು ಯಾವ ಸಮೀಕರಣಕ್ಕೂ ಸಿಗಲ್ಲ.

ರಿಟೈರ್ಡ್_ಮೇಷ್ಟ್ರು

ಕುಕ್ಕರ್ ಮೇಲಿನ ಸುರುಳಿ ಬೇಡ, ಒಪ್ಪಿದೆ. ಆದರೆ ಅದರ ಹಿಂದಿನ 1, 2, 3, 5, 8 ಅನ್ನೋ ಸಾಲನ್ನು ಓಡಿಸಬೇಡಪ್ಪ, ಅದು ನಮ್ಮ ಕನ್ನಡ ಪೀರಿಯಡ್ಡಿನ ಆಸ್ತಿ. ಛಂದಸ್ಸಿನಲ್ಲಿ ಲಘು ಅಂದರೆ ಗಿಡ್ಡ ಅಕ್ಷರ, ಅದಕ್ಕೆ ಒಂದು ಮಾತ್ರೆ (ಉಚ್ಚಾರದ ಕಾಲದ ಅಳತೆ); ಗುರು ಅಂದರೆ ಉದ್ದ ಅಕ್ಷರ, ಅದಕ್ಕೆ ಎರಡು. ಮೂರು ಮಾತ್ರೆ ತುಂಬಿಸೋಕೆ 3 ದಾರಿ, ನಾಲ್ಕಕ್ಕೆ 5, ಐದಕ್ಕೆ 8. ಹನ್ನೆರಡನೇ ಶತಮಾನದಲ್ಲಿ ಹೇಮಚಂದ್ರ ಇದನ್ನು ಪದ್ಯದ ಲೆಕ್ಕವಾಗಿಯೇ ಬರೆದಿಟ್ಟ. ಕಾರಣ ಮಕ್ಕಳೇ ಹೇಳಬಲ್ಲರು: ಕೊನೆಯ ಅಕ್ಷರ ಲಘುವಾದರೆ ಹಿಂದೆ ಒಂದು ಮಾತ್ರೆ ಕಡಿಮೆ, ಗುರುವಾದರೆ ಎರಡು ಕಡಿಮೆ. ಅದಕ್ಕೇ ಹಿಂದಿನ ಎರಡನ್ನು ಕೂಡಿದರೆ ಮುಂದಿನದು.

ತಂಗಿ, ನಿಮ್ಮ ಹತ್ತಿರ ಹನ್ನೊಂದು ಮಕ್ಕಳಿದ್ದಾರೆ ಅಂದಿರಿ. ನನಗೆ ಅಷ್ಟೇ ಬೇಕಿತ್ತು. ‘ಯಮಾತಾರಾಜಭಾನಸಲಗಂ’ ನೆನಪಿದೆಯಾ? ಹೈಸ್ಕೂಲಲ್ಲಿ ಎಲ್ಲರೂ ಉರು ಹೊಡೆದದ್ದು. ಹತ್ತು ಅಕ್ಷರ, ಹತ್ತು ಮಕ್ಕಳು. ಲಾಲ್‌ಬಾಗ್ ಬಂಡೆ ಮೇಲೋ ಯಾವುದಾದರೂ ಪಾರ್ಕಿನಲ್ಲೋ ಸಾಲಾಗಿ ನಿಲ್ಲಿಸಿ. ಲಘು ಆದವರು ಕುಕ್ಕರಗಾಲಲ್ಲಿ ಕೂರಲಿ, ಗುರು ಆದವರು ನಿಲ್ಲಲಿ. ಯ ಕೂತ, ಮಾ ತಾ ರಾ ನಿಂತರು, ಜ ಕೂತ, ಭಾ ನಿಂತ, ನ ಸ ಲ ಕೂತರು, ಗಂ ನಿಂತ. ಹನ್ನೊಂದನೆಯವನು ಎರಡು ಕೈ ಚಾಚಿ ಮೂರು ಮೂರು ಮಕ್ಕಳನ್ನು ಅಳತೆ ಹಿಡಿದು ಒಂದೊಂದೇ ಹೆಜ್ಜೆ ಸರಿಯುತ್ತಾ ಹೋಗಲಿ. ಕೂರೋದು ನಿಲ್ಲೋದು ಸೇರಿ ಮೂರು ಜನಕ್ಕೆ ಒಟ್ಟು 8 ಥರ ಸಾಧ್ಯ. ಎಂಟೂ ಬರುತ್ತವೆ, ಒಂದೂ ಎರಡನೇ ಸಲ ಬರಲ್ಲ.

ಆಮೇಲೆ ಇನ್ನೊಂದು ಹೇಳಿ. ಮೊದಲಿನ ಇಬ್ಬರು ಹೇಗಿದ್ದಾರೋ ಕೊನೆಯ ಇಬ್ಬರೂ ಹಾಗೇ ಇದ್ದಾರೆ, ಕೂತವನು, ನಿಂತವನು. ಹಾಗಾದರೆ ಲ, ಗಂ ಇಬ್ಬರನ್ನೂ ಕಳಿಸಿ, ಉಳಿದ ಎಂಟು ಜನರನ್ನು ದುಂಡಗೆ ನಿಲ್ಲಿಸಿದರೂ ಎಂಟು ಗಣ, ಅಂದರೆ ಮೂರು ಮೂರು ಅಕ್ಷರದ ಗುಂಪು, ಸಿಗುತ್ತವೆ. ಇಂಥ ಸರಪಳಿಗೆ ಈಗ ಗಣಿತದಲ್ಲಿ ಡಿ ಬ್ರೂಯಿನ್ ಸರಣಿ ಅಂತ ಹೆಸರು. ಮೂವತ್ತು ವರ್ಷ ಇದನ್ನು ಮಕ್ಕಳಿಗೆ ಉರು ಹೊಡೆಸಿದೆ. ಒಂದು ಸಲವೂ ಎಬ್ಬಿಸಿ ನಿಲ್ಲಿಸಲಿಲ್ಲ. ಅದೊಂದು ಬೇಜಾರು.

ಒನ್_ಅಂಡ್_ಹಾಫ್

ಏನ್ ಗುರು, ಎಷ್ಟು ಲಘುವಾಗಿ ಹೇಳಿಬಿಟ್ರಿ! ನಮ್ಮ ಮೇಷ್ಟ್ರು ಹೀಗೆ ಹೇಳಿದ್ದರೆ ಕನ್ನಡದಲ್ಲಿ ನಾಲ್ಕು ಮಾರ್ಕ್ಸ್ ಜಾಸ್ತಿ ಬರುತ್ತಿತ್ತು.

ಮಲ್ಲೇಶ್ವರದವ

ಎಲ್ಲಾ ಬಸವನಗುಡಿಯವರೇ ಮಾತಾಡಿದರೆ ಹೇಗೆ. ನಮ್ಮ ಕಡೆ ಚೌಡಯ್ಯ ಸ್ಮಾರಕ ಭವನ ಇದೆ. ಇಡೀ ಕಟ್ಟಡವೇ ಪಿಟೀಲು, ತಂತಿ, ಬಿರಡೆ ಸಮೇತ. 1980ರಲ್ಲಿ ಕಟ್ಟಿ ಮುಗಿದದ್ದು. ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸುತ್ತಿದ್ದರು, ರಸ್ತೆಯಲ್ಲಿ ನಿಂತು ಕಟ್ಟಡದ ತಂತಿ ಎಣಿಸೋಕೆ ಹೇಳಿ.

ಆದರೆ ಲೆಕ್ಕ ಕಾಣಬೇಕು ಅಂದರೆ ಪಿಟೀಲಿಗಿಂತ ವೀಣೆ ವಾಸಿ, ಅದಕ್ಕೆ ಮೆಟ್ಟಿಲು, ಅಂದರೆ ತಂತಿ ಒತ್ತಿ ಸ್ವರ ಹಿಡಿಯೋ ಅಡ್ಡಪಟ್ಟಿ, ಇದೆ. 24 ಮೆಟ್ಟಿಲು. ಟೇಪ್ ಇಟ್ಟರೆ 12ನೇ ಮೆಟ್ಟಿಲು ತಂತಿಯ ಅರ್ಧದ ಹತ್ತಿರ, ಅಲ್ಲಿ ಮೇಲಿನ ಸ. 24ನೆಯದು ಕಾಲು ಭಾಗದ ಹತ್ತಿರ, ಅದಕ್ಕೂ ಮೇಲಿನ ಸ. ಮೂರನೇ ಎರಡು ಭಾಗ ತಂತಿ ಮೀಟಿದರೆ ಪ. ಮೇಲೆ ಹೋದಂತೆ ಮೆಟ್ಟಿಲು ಹತ್ತಿರ ಹತ್ತಿರ ಆಗುತ್ತವೆ, ಯಾಕೆ ಅಂದರೆ ಪ್ರತಿ ಸಲ ಕಳೆಯೋದು ಇಂತಿಷ್ಟು ಇಂಚು ಅಂತ ಅಲ್ಲ, ಉಳಿದ ಉದ್ದದಲ್ಲಿ ಇಂತಿಷ್ಟು ಪಾಲು ಅಂತ. ಬಳೇಪೇಟೆ ಅಂಗಡಿಗಳಲ್ಲಿ ವೀಣೆ ನೇತು ಹಾಕಿರುತ್ತಾರೆ.

ಹನುಮಂತನಗರ_ಹುಡುಗಿ

ಹೋಗಿ ಬಂದೆವು! ವರದಿ.

ರಂಗೋಲಿ ಸೂಪರ್. ಒಂಬತ್ತರಿಂದ ಐದು ಸಿಕ್ಕಿತು, ಮನೆಯವರು ಹೊರಗೆ ಬಂದು ಇವರು ಯಾಕೆ ನಮ್ಮ ಚುಕ್ಕಿ ಎಣಿಸುತ್ತಿದ್ದಾರೆ ಅಂತ ಗಾಬರಿಯಾದರು. 61, ಮಕ್ಕಳೇ ಹೇಳಿದರು. ಗವಿಪುರದಲ್ಲಿ ಪೂರ್ತಿ ಮೋಡ, ನೆರಳೇ ಇಲ್ಲ. ಒಬ್ಬ ಇವತ್ತೇ ಜೀರೋ ಶ್ಯಾಡೋ ಡೇ ಅಂದ. ನವೆಂಬರ್ 27ರ ಸಂಜೆ ಇನ್ನೊಂದು ಸಲ ನೋಡೋಣ. ಯಮಾತಾರಾಜ ಪಾರ್ಕಿನಲ್ಲಿ ಆಡಿದೆವು, ಮೇಷ್ಟ್ರೇ. ‘ಜ’ ಆಗಿದ್ದವನು ನಗುತ್ತಾ ಪದೇ ಪದೇ ಎದ್ದು ನಿಂತು ಎರಡು ಗಣ ಹಾಳು ಮಾಡಿದ. ಅವನಿಂದಲೇ ಯಾವ ಗಣ ಮತ್ತೆ ಮತ್ತೆ ಬಂತು ಅಂತ ಉಳಿದವರು ಕಂಡುಹಿಡಿದರು.

ಆದರೆ ದಿನದ ದೊಡ್ಡ ವಿಷಯ ನೀವ್ಯಾರೂ ಹೇಳಿದ್ದಲ್ಲ. ಗಾಂಧಿ ಬಜಾರಿನಲ್ಲಿ ಮನೆಗೆ ಅಂತ ಹೂವು ತೆಗೆದುಕೊಂಡೆ. ಹೂವಿನಜ್ಜಿ ಮೊಣಕೈಯಿಂದ ಬೆರಳ ತುದಿಗೆ ಮಾಲೆ ಎಳೆದು ಎಳೆದು ಎರಡು ಮೊಳ ಅಳೆದು ಕತ್ತರಿಸಿದರು. ಆ ಜೇನುಗೂಡಿನ ಹುಡುಗಿ ಇದ್ದಾಳಲ್ಲ, ತಕ್ಷಣ ಟೇಪ್ ತೆಗೆದಳು. 84 ಸೆಂಟಿಮೀಟರ್. ಪಕ್ಕದವರ ಹತ್ತಿರ ಎರಡು ಮೊಳ ತೆಗೆದುಕೊಂಡರೆ 91. "ಅಜ್ಜಿ, ನಿಮ್ಮ ಮೊಳ ಚಿಕ್ಕದು" ಅಂದೇಬಿಟ್ಟಳು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. "ಹಂಗಾದ್ರೆ ನಿನ್ನ ಕೈಯಾಗೇ ಅಳ್ಕೋ ಬಾ" ಅಂತ ಮಾಲೆ ಕೊಟ್ಟರು. ಇವಳು ಖುಷಿಯಿಂದ ಅಳೆದಳು. ಅವಳ ಒಂದು ಮೊಳ 34! ಆಗ ಹದಿಮೂರು ವರ್ಷದ ಉದ್ದ ಹುಡುಗ ಮುಂದೆ ಬಂದು, "ಅಜ್ಜಿ, ನಾನು ಅಳೀಲಾ?" ಅಂದ. ಅಜ್ಜಿ ಮಾಲೆ ವಾಪಸ್ ಕಿತ್ತುಕೊಂಡರು.

ಆಮೇಲೆ ಫುಟ್‌ಪಾತ್ ಮೇಲೇ ಹುರಿದಾರದಲ್ಲಿ ಎಲ್ಲರದ್ದೂ ಅಳೆದೆವು. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು ಅಂತ ಅಜ್ಜಿಯೇ ಹೇಳಿದರು. ಕೈ ಚಾಚಿ ಮಾರು ಅಳೆದು, ಅದೇ ದಾರವನ್ನು ತಲೆಯಿಂದ ಕಾಲಿಗೆ ಇಳಿಬಿಟ್ಟರೆ ಹತ್ತಿರ ಹತ್ತಿರ ಅವರವರ ಎತ್ತರ. ಒಂಬತ್ತು ಮಕ್ಕಳಿಗೆ ಮೂರು ನಾಲ್ಕು ಸೆಂಟಿಮೀಟರ್ ಒಳಗೇ ಬಂತು, ಇಬ್ಬರಿಗೆ ಸ್ವಲ್ಪ ಜಾಸ್ತಿ ವ್ಯತ್ಯಾಸ. ಅಂದರೆ ಮೊಳ ನೋಡಿ ಹೂವಿನಜ್ಜಿಯ ಎತ್ತರ ಹೇಳಬಹುದು ಅಂತ ಹುಡುಗಿ ಲೆಕ್ಕ ಹಾಕಿದಳು: 42 ಗುಣಿಸು 4, 168. ಅಜ್ಜಿ ಎದ್ದು ನಿಂತರು. ಅಷ್ಟು ಎತ್ತರ ಖಂಡಿತ ಇಲ್ಲ, ನನ್ನ ಭುಜಕ್ಕೆ ಬರುತ್ತಾರೆ. ಹಾಗಾದರೆ ಅವರು ಅಳೆಯುವಾಗ ಸ್ವಲ್ಪ ಧಾರಾಳವಾಗೇ ಕೊಟ್ಟಿದ್ದಾರೆ ಅಂತ ಆಯಿತು! ಹುಡುಗಿ ಹೋಗಿ ಸಾರಿ ಕೇಳಿದಳು. ಒಂದು ಗುಲಾಬಿ ಸಿಕ್ಕಿತು.

ಮುಂದಿನ ತಿಂಗಳು ಬಳೇಪೇಟೆ. ಹನ್ನೊಂದು ಮಕ್ಕಳಿಗೆ ವೀಣೆ ಅಳೆಯೋಕೆ ಬಿಡೋ ಅಂಗಡಿ ಗೊತ್ತಿದ್ದರೆ ಮೆಸೇಜ್ ಮಾಡಿ.

ಚುಕ್ಕಿ_ಇಡೋಳು

ಮೊಳಕ್ಕೆ ಎಷ್ಟು ಕೊಟ್ಟೆ?

ಹನುಮಂತನಗರ_ಹುಡುಗಿ

ಮಲ್ಲಿಗೆ, 60 ರೂಪಾಯಿ ಅಮ್ಮ.

ಚುಕ್ಕಿ_ಇಡೋಳು

ಜಾಸ್ತಿ ಆಯಿತು.